ನೀಲವ್ವನ ಬಾಯಾಗಿನ ನೆಲ್ಲಿಕಾಯಿ

…ಅದನ್ನ ಯಾಕ ಕಸಗೊಂಡ ಬಂದಿ ಗಂಗಾ? ನಿಮ್ಮವ್ವ ಹೇಳಿದ್ಲಂತ ಬಾಣಂತಿ ಅಕ್ಕನ ಕೈಯಾಗಿನ ನೆಲ್ಲಿಕಾಯಿ ಕಸೀತಾರೇನ? ಕುಂದ್ರ ಇಲ್ಲೆ. ನೀವೂ ಬರ್ರಿ ಮಕ್ಕಳಾ, ಕಟ್ಟಿ ಮ್ಯಾಲ ಕುಂದರ್ರಿ, ಕೇಳ್ರಿ.

ಅವಾಗ ಇನ್ನ ಕುಂಪಣಿ ಸರಕಾರ ಇತ್ತು. ನಾ ಈ ಜಕ್ಕಲಿಗೆ ಸೊಸಿಯಾಗಿ ಬಂದು ಎರಡ… ಅಲ್ಲ, ಮೂರ ವರ್ಷ ಆಗಿತ್ತು. ನನ್ನ ಮೈದುನನ ಹೇಣ್ತಿ ನೀಲವ್ವ, ಹೊಳೆಮಣ್ಣೂರಾಕಿ, ತವರಾಗ ತಾಯಿಲ್ಲ ಅಂತ ಚೊಚ್ಚಲ ಹಡದದ್ದೂ ನಮ್ಮ ಮನ್ಯಾಗನ. ಆ ವರ್ಷ ಮುಂಗಾರಿ ಕೈಕೊಟ್ಟು ಹಿತ್ತಲದಾಗ ಒಂದ ಎಸಳ ತಪ್ಪಲ ಪಲ್ಯ ಇದ್ದಿದ್ದಿಲ್ಲ. ಅದರ ಮ್ಯಾಲ ನಮ್ಮತ್ತಿ ಪಥ್ಯ ನೋಡ್ರಿ, ಹುಳಿ ಇಲ್ಲ, ಹಣ್ಣಿಲ್ಲ, ಹಸರ ಅಂಬೂದ ಇಲ್ಲ, ಬರೇ ಒಣ ರೊಟ್ಟಿ, ಮೆಣಸಿನಪುಡಿ, ತುಪ್ಪ. ಮೂರನೇ ತಿಂಗಳಿಗೆ ಆಕಿ ವಸಡಿನಾಗ ರಗತ. ಕಾಲಾಗ ಕರೀ ಕಲಿ. ಸಣ್ಣಾಕಿದ್ದಾಗ ಕುಡಗೋಲ ತಾಗಿ ಮಾಯ್ದಿದ್ದ ಗಾಯ, ಅದು ಸೈತ ಮತ್ತ ಬಾಯಿ ತೆರೀತು. ನಮ್ಮತ್ತಿ ಅಂದ್ಲು, “ಕದ್ದು ಹುಳಿ ತಿಂದಾಳ ಇಕಿ! ಇಲ್ಲಂದ್ರ ಹಲ್ಲಾಗ ರಗತ ಯಾಕ ಬರತೈತಿ?” “ಇಲ್ರೀ ಅತ್ತಿ, ಕೂಸಿನ ಆಣಿ ಮಾಡ್ತೀನ್ರಿ.” “ಬಾಯಿ ಮುಚ್ಚ!” ಕಬ್ಬಿಣ ಕಾಸಿ ಕಾಲಿಗೆ ಬರಿ ಎಳದ್ಲು. ಕಾಲ ಒತ್ತಿ ಹಿಡದಾಕಿ ನಾನ. ಆ ಬರಿ ಮಾಯಲೇ ಇಲ್ಲ. ಆಮ್ಯಾಲ ನನ್ನ ಬಾಗಲಕ್ಕ ಕಾವಲ ಕುಂದ್ರಿಸಿದ್ಲು. ನನಗೂ ಸೊಕ್ಕ, ಅತ್ತಿ ನನ್ನ ನಂಬ್ಯಾಳಂತ.

ಒಂದಿನ ಗಜೇಂದ್ರಗಡದ ಗುಡ್ಡದ ಕಡಿಯಿಂದ ನೆಲ್ಲಿಕಾಯಿ ಮಾರಾಕಿ ಬಂದ್ಲು. ಕಿಡಕ್ಯಾಗಿಂದ ನೀಲವ್ವನ ಮಾರಿ ನೋಡಿ, “ಅಯ್ಯ ಯವ್ವಾ, ಇದನ್ನ ತಿನ್ನ, ಹಲ್ಲಿನ ರಗತ ನಿಲ್ಲತೈತಿ” ಅಂತ ಒಂದ ಕೈಯಾಗಿಟ್ಲು. ನಾ ಓಡಿ ಹೋದೆ. ಅಷ್ಟರಾಗ ಬಾಯಾಗ ಹಾಕ್ಕೊಂಡಿದ್ಲು, ಅಗಿಯಾಕ ಶಕ್ತಿಯಿಲ್ಲ, ಚೀಪಾಕತ್ತಿದ್ಲು. “ಅಕ್ಕಾ, ನಿಮ್ಮ ಕಾಲ ಬೀಳ್ತೀನ್ರಿ, ಇದೊಂದ…” ನಾ ಬಾಯಾಗ ಕೈಬಟ್ಟ ಹಾಕಿ ಕಿತ್ತೆ. ನೆಲ್ಲಿಕಾಯಿ ಕೂಡ ಹಲ್ಲೂ ಬಂತು. ಈ ಅಂಗೈ ಮ್ಯಾಲ, ಎರಡೂ. ನಮ್ಮತ್ತಿ ನೋಡಿ, “ಶಾಬಾಸ! ಹುಳಿ ಹಲ್ಲ ಉದುರಿಸ್ತು ನೋಡ” ಅಂದ್ಲು. ಎಂಟ ದಿನಕ್ಕ ನೀಲವ್ವ ಹೋದ್ಲು. ಹಾಲಿಲ್ದ ಕೂಸೂ ಹೋತು.

ಮುಂದಿನ ವರ್ಷ ನನ್ನ ಬಾಣಂತನ. ಅದ ಪಥ್ಯ, ಅದ ರಗತ. ಹೆದರಿ, ಅದ ಮಾರಾಕಿ ಹತ್ರ ಕದ್ದು ಇಸ್ಕೊಂಡು, ತೊಟ್ಟಲದ ಅರಿವ್ಯಾಗ ಮುಚ್ಚಿಟ್ಟು ದಿನಾ ನೆಲ್ಲಿಕಾಯಿ ತಿಂದೆ. ವಾರದಾಗ ರಗತ ನಿಂತ ಬಿಡ್ತು. ಆ ಕೂಸ ನಿಮ್ಮಪ್ಪ. ಅವತ್ತ ಗೊತ್ತಾತು ನನಗ, ನೀಲವ್ವ ಬದುಕತಿದ್ಲು. ಕೊಂದಾಕಿ ಅತ್ತಿ ಅಲ್ಲ, ನಾನ.

ಅಳಬ್ಯಾಡ ಗಂಗಾ. ಏಳ, ಅದನ್ನ ತೊಳದು ಒಳಗ ಅಕ್ಕಗ ಕೊಟ್ಟ ಬಾ. ತಿನ್ನಾಕಿ ಬಾಯಾಗ ಕೈಬಟ್ಟ ಹಾಕಬಾರದು, ಅಷ್ಟ.