ಬಾಳೆಹಣ್ಣು ತರಲು ಹೋದ ಸ್ಕೇಟು

ಐಸ್ ರಿಂಕಿನ ಕ್ಯಾಂಟೀನಿನಲ್ಲಿ ನಾನು ಮೇಜು ಒರೆಸುತ್ತಿದ್ದೆ. ಪಕ್ಕದಲ್ಲಿ ಸೀಟ್ಸೆ ಅಜ್ಜ, ಎದುರಿಗೆ ಕೂತಿದ್ದ ಮೊಮ್ಮಗಳು ಯೆಲ್ಸ್ಕೆಯ ಸ್ಕೇಟಿನ ಬ್ಲೇಡು ಒರೆಸುತ್ತಿದ್ದರು. ಅವಳು ಚಕ್ರದ ಸ್ಕೇಟು ಬಿಟ್ಟು ಈ ಚಳಿಗಾಲವಷ್ಟೇ ಐಸಿಗಿಳಿದವಳು. ಬ್ಲೇಡಿನ ಮೊಂಡಾದ ಅಂಚು ತಾಗಿ ಅಜ್ಜನ ಕೈ ನಿಂತಿತು.

“ಯೆಲ್ಸ್ಕೆ, ಇವನ್ನ ಹಾಕ್ಕೊಂಡು ಎಲ್ಲಿಗೆ ಹೋಗಿದ್ದೆ?”

“ಕಾರಿನ ಹತ್ರ. ಬಾಳೆಹಣ್ಣು ತರೋಕೆ.”

“ಇಟ್ಟಿಗೆ ಹಾಸಿನ ಮೇಲೆ?”

“ಚಕ್ರದ್ದು ಹಾಕ್ಕೊಂಡು ಅಂಗಡಿಗೇ ಹೋಗ್ತಿದ್ನಲ್ಲ ಅಜ್ಜ.”

“ಕಿಡಿ ಹಾರಲಿಲ್ವಾ?”

“ಹಾರ್ತು. ಚೆನ್ನಾಗಿತ್ತು.”

“ಬೆಳಿಗ್ಗೆಯೆಲ್ಲ ಕೂತು ಸಾಣೆ ಹಿಡಿದಿದ್ದೆ ಕಣೇ. ಈಗ ಇದ್ರಲ್ಲಿ ಬೆಣ್ಣೆನೂ ಕೊಯ್ಯೋಕಾಗಲ್ಲ.”

“ಮುಂದಿನ ಓಟ ನಂದೇ. ಗೆಲ್ಲದಿದ್ರೆ ತಂಡಕ್ಕೆ ಸೇರಿಸ್ಕೊಳ್ಳಲ್ಲ.”

“ಸಾಣೆಕಲ್ಲು ಮನೇಲಿದೆ. ಹೋಗಿ ನಿನ್ನ ಜೊತೆ ಓಡೋ ಆ ಹುಡುಗೀರನ್ನ ಕೇಳು.”

ಅವಳು ಕಾಲುಚೀಲದಲ್ಲೇ ಎದುರಾಳಿಗಳ ಬೆಂಚಿನತ್ತ ನಡೆದಳು. ಅಜ್ಜ ಸ್ಕೇಟು ಎತ್ತಿಕೊಂಡು ಹಿಂದೆ ಹೊರಟರು. ಅವಳು ಬರುವುದು ಕಂಡದ್ದೇ ಅಲ್ಲಿ ಎಲ್ಲರೂ ಬಗ್ಗಿ, ಕಟ್ಟಿದ್ದ ಲೇಸನ್ನೇ ಮತ್ತೆ ಕಟ್ಟತೊಡಗಿದರು.

“ಸ್ವಲ್ಪ ಸಾಣೆಕಲ್ಲು ಕೊಡ್ತೀರಾ?” ಎಂದು ಯೆಲ್ಸ್ಕೆ ಆ ಬಗ್ಗಿದ ತಲೆಗಳನ್ನು ಕೇಳಿದಳು.