ಮಳೆ ಬಂದ್ಮೇಲೆ ವಾಪಸ್ಸು

...ಅಲ್ಲ ಕಣೋ ಮೆಪುಕೋರಿ, ನನ್ನ ಮಾತಾದ್ರೂ ಮುಗೀಲಿ, ಕೂತ್ಕೋ. ನಗು ಬರ್ತಿದ್ಯಾ? ಸರ್ಕಾರ ಮಾಡಿದ ಮುಖಂಡ ಸಿರೋಂಕ, ಮೈಮೇಲೆ ಬಿಳಿ ದೊರೆ ಕೊಟ್ಟ ಕೋಟು, ನಿನ್ನ ಮುಂದೆ ಕೂತು ಬೇಡ್ಕೋತಿದಾನೆ ಅಂತಾನಾ? ಬೇಡ್ಕೋತೀನಪ್ಪಾ. ನಾಳೆ ನಮ್ಮ ನೈಸುಲ ಗಂಡನ ಮನೆಗೆ ಹೊರಡ್ತಾಳೆ. ನಮ್ಮ ಓರಗೆಯವರೆಲ್ಲ ಬಂದು ಹಾಲು ಉಗುಳಿ ಹರಸಿದ್ರು, ನೀನೊಬ್ಬ ಬಾಕಿ. ಓರಗೆಯವನ ಮಗಳು ನಿನಗೂ ಮಗಳಲ್ವೇನೋ? ನೀನು ಮುನಿಸಿಟ್ಕೊಂಡ್ರೆ ಅವಳ ಮಡಿಲು ತುಂಬುತ್ತಾ? ಉಗುಳೋಕೂ ಬಾಯಿ ಒಣಗಿದ್ಯಾ ನಿಂಗೆ?

ಗೊತ್ತು, ಗೊತ್ತು. ಲೈಕಿಪಿಯ ಬಿಟ್ಟು ಬರೋವಾಗ ಮಾವ್ ಬೆಟ್ಟದ ಚಳಿಮಳೇಲಿ ನಿನ್ನ ಹಸುಗಳು ನಿಂತಲ್ಲೇ ಬಿದ್ವು. ಹೆಂಡತಿ ರೆಸಿಯಾತೋನೂ ಅಲ್ಲೇ... ನಾನೇನು ಮಾಡ್ಲಿ ಹೇಳು? ಮೋಸ ಮಾಡಿದ್ದು ಬಿಳಿಯರು. ಲೈಕಿಪಿಯದ ಹುಲ್ಲು ನೀವಿರೋವರೆಗೂ ನಿಮ್ಮದೇ ಅಂದೋರು, ಏಳು ವರ್ಷಕ್ಕೇ ಜಾಗ ಖಾಲಿ ಮಾಡಿ ಅಂದ್ರು. ದೊರೆ ಆಡಿದ್ದನ್ನ ನಮ್ಮ ಮಾತಲ್ಲಿ ಹೇಳಿದ್ದಷ್ಟೇ ನಾನು. ಕೈಯಲ್ಲಿ ಹುಲ್ಲು ಹಿಡ್ಕೊಂಡು ಆಣೆ ಮಾಡಿ ಹೇಳಿದ್ದೆ, ಮಳೆ ಬಂದ್ಮೇಲೆ ವಾಪಸ್ಸು ಅಂತ. ನೀನು ನಂಬಿದೆ, ನಾನೂ ನಂಬಿದ್ದೆ. ಅದಕ್ಕೇ ನೀನು ಮನೆ ಸುಡಲಿಲ್ಲ. ತಿರುಗಿ ಬರೋರ ಹಾಗೆ ದೊಡ್ಡಿ ಬಾಗಿಲಿಗೆ ಮುಳ್ಳು ಎಳೆದು ಬಂದೆ ಪಾಪ.

ಯಾಕೆ ಹಾಗೆ ನೋಡ್ತೀಯ?

ನಮ್ಮನೆ... ಹೌದು, ನಾವು ಸುಟ್ಟೇ ಹೊರಟ್ವು. ಅದು ನನ್ನ ಹೆಂಡತಿ, ಉಣ್ಣಿ ಜಾಸ್ತಿಯಾಗಿದೆ ಅಂತ... ಹಸುಗಳನ್ನ ಎರಡು ತಿಂಗಳು ಮುಂಚೇನೇ ಬೇರೆ ದಾರೀಲಿ ಹೊಡೆದಿದ್ದು ಮೇವಿಗೋಸ್ಕರ ಕಣೋ. ಸುಟ್ಟರೆ ಏನೀಗ? ಎಲ್ರೂ ಸುಡ್ತಾರೆ. ಪೂರ್ತಿ ಬಿಟ್ಟು ಹೋಗೋವಾಗ ಎಲ್ರೂ...

ಏನಾದ್ರೂ ಅನ್ನೋ. ಬೈಯಿ. ಬೇಕಿದ್ರೆ ಕೋಲು ತಗೊಂಡು ಹೊಡಿ.

ಮಳೆ ಮಾತನ್ನ ದೊರೆ ಎತ್ತಲೇ ಇಲ್ಲ. ಇನ್ನೆಂದೂ ಈ ಕಡೆ ಬರಕೂಡದು ಅಂದಿದ್ದ. ನಂಗೆ ಚೆನ್ನಾಗೇ ಅರ್ಥ ಆಗಿತ್ತು. ಹಾಗೇ ಹೇಳಿದ್ರೆ ನೀವು ಯಾರೂ ಜಾಗ ಬಿಟ್ಟು ಏಳ್ತಿರಲಿಲ್ಲ, ನೀವು ಏಳದೆ ನಾನು ಮುಖಂಡ ಆಗ್ತಿರಲಿಲ್ಲ. ಆ ವಾಪಸ್ಸು ನಾನೇ ಸೇರಿಸಿದ್ದು.

ನೈಸುಲಂಗೆ ಇದೇನೂ ಗೊತ್ತಿಲ್ಲ, ಮೆಪುಕೋರಿ. ಆಗ ಅವಳಿನ್ನೂ ಹುಟ್ಟೇ ಇರಲಿಲ್ಲ ಕಣೋ.