ಆನೆಯ ಪಾಲು

ಬರ್ಮಾದ ಮಾಂಡಲೆಯ ಆಸ್ಪತ್ರೆ. ಆಪರೇಷನ್ ಥಿಯೇಟರಿನ ಹೊರಗೆ, ಒಳಗಿದ್ದ ಹೆಂಡತಿಗಾಗಿ ಕಾಯುತ್ತಿದ್ದ ಊ ತಾನ್ ಪೇಗೆ, ಬೇಡವೆಂದರೂ ಪಕ್ಕದ ತಳ್ಳುಗಾಡಿಯ ಮಾತು ಕಿವಿಗೆ ಬೀಳುತ್ತಿತ್ತು. ಸೊಂಟದ ಕೀಲು ಮುರಿದುಕೊಂಡ ಮುದುಕಿ ಡೋ ಮ್ಯಾ ಸೇನ್ ಗಾಡಿಯ ಮೇಲೆ ಮಲಗಿದ್ದಳು. ತಂಗಿ ಓನ್ ಯಿ ಗಾಳಿ ಬೀಸುತ್ತಿದ್ದಳು.

“ಎಡಗಡೆ ಮುರಿದಾಗ ಆಗಿನ ಡಾಕ್ಟ್ರು ಆನೆ ದಂತ ಕಡೆದು ಕೂರಿಸಿದ್ರು. ಬಲಗಡೆಗೂ ಅದನ್ನೇ ಹಾಕ್ಲಿ.”

“ಈಗ ದಂತ ಹಾಕಲ್ಲ ಅಕ್ಕ. ಸ್ಟೀಲು.”

“ಆ ದಂತದ ಮೇಲೇ ಇಷ್ಟು ವರ್ಷ ಕುಕ್ಕರುಗಾಲಲ್ಲಿ ಕೂತು ಮೀನು ಹೆಚ್ಚಿದೀನಿ.”

“ಸ್ಟೀಲಲ್ಲೂ ಚೆನ್ನಾಗಿ ನಡೀಬಹುದಂತೆ.”

“ನಡೆಯೋ ಮಾತಲ್ಲ ಕಣೇ. ಭಿಕ್ಷುಗಳಿಗೆ ಊಟ ಬಡಿಸಿ, ನೀರು ಹೊಯ್ದು ಪುಣ್ಯ ಹಂಚೋವಾಗೆಲ್ಲ ಆ ಆನೆಗೊಂದು ಪಾಲು ಕೊಡ್ತೀನಿ. ಸ್ಟೀಲಿನ ಪಾಲು ಯಾರಿಗೆ ಕೊಡ್ಲಿ?”

“ಸ್ಟೀಲಿಗೋಸ್ಕರ ಯಾರೂ ಸತ್ತಿಲ್ವಲ್ಲ. ನೀನೇ ಇಟ್ಕೋ.”

“ಅತಿಯಾಸೆ ಆಗುತ್ತೆ.”

“ಹಾಗಾದ್ರೆ ಆನೆಗೇ ಎರಡು ಪಾಲು ಕೊಡು.”

ಮುದುಕಿ ಸ್ವಲ್ಪ ಯೋಚಿಸಿದಳು. “ಹೂಂ. ಹಾಕ್ಲಿ ಬಿಡು.”

ಅಟೆಂಡರ್ ಬಂದು ಗಾಡಿ ತಳ್ಳಿದ. ಬೀಸಣಿಗೆ ನಿಂತಿತು.

“ಓನ್ ಯಿ, ನಾನು ಹೊರಗೆ ಬರದಿದ್ರೆ ನೀರು ನೀನೇ ಹೊಯ್ಯಬೇಕು.”

“ಬಿಡ್ತು ಅನ್ನಕ್ಕ!”

“ಮೊದಲು ಆನೆಗೆ, ಆಮೇಲೆ ನಂಗೆ. ಅದು ನಂಗಿಂತ ಮುಂಚೆಯಿಂದ ಕಾಯ್ತಿದೆ.”

ಬಾಗಿಲು ಮುಚ್ಚಿಕೊಂಡಿತು.